ಮನೆಯ ಕಂಪ್ಯೂಟರಿಗೆ ಉಚಿತ ಆಂಟಿವೈರಸ್: ಡಿಫೆಂಡರ್, ಬಿಟ್‌ಡಿಫೆಂಡರ್, ಅವಾಸ್ಟ್

ಧಾರವಾಡದಲ್ಲಿ ಮನೆಯ ಕಂಪ್ಯೂಟರಿಗೆ ವೈರಸ್ ಬರುವ ದೊಡ್ಡ ದಾರಿ ಪೆನ್‌ಡ್ರೈವ್. ಸಪ್ತಾಪುರದ ಕೋಚಿಂಗ್ ಕ್ಲಾಸುಗಳಿಗೆ ಬರುವ ಮಕ್ಕಳು ಅರ್ಜಿ, ಹಾಲ್ ಟಿಕೆಟ್, ನೋಟ್ಸ್ ಎಲ್ಲವನ್ನೂ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾರೆ. ಅಲ್ಲಿನ ಒಂದೇ ಕಂಪ್ಯೂಟರಿಗೆ ದಿನವಿಡೀ ಊರೆಲ್ಲರ ಪೆನ್‌ಡ್ರೈವ್ ಬಂದು ಹೋಗುತ್ತವೆ. ನನ್ನ ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ಮನೆಯಲ್ಲೇ ಲಗ್ನಪತ್ರಿಕೆ, ಪ್ರಬಂಧಗಳ ಡಿಟಿಪಿ ಕೆಲಸ ಮಾಡುತ್ತೇನೆ. ಹೀಗಾಗಿ ಉಚಿತ ಆಂಟಿವೈರಸ್‌ಗಳನ್ನು ಹಾಕಿ ನೋಡುವಾಗ ನನಗಿದ್ದ ಪ್ರಶ್ನೆ ಒಂದೇ: ಅಂಗಡಿಯಿಂದ ಬಂದ ಪೆನ್‌ಡ್ರೈವನ್ನು ಇದು ಹೇಗೆ ತಡೆಯುತ್ತದೆ?

ನಮ್ಮಲ್ಲಿ ಎರಡು ಯಂತ್ರಗಳಿವೆ. ಮಗಳದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಅದಕ್ಕೆ ವೈಫೈ ಸದಾ ಇರುತ್ತದೆ. ನನ್ನದು ನಾಲ್ಕು ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್, ವಿಂಡೋಸ್ 10 ಇರುವ ಡೆಸ್ಕ್‌ಟಾಪ್. ಅದಕ್ಕೆ ಬೇಕೆಂದಾಗ ಮಾತ್ರ ಮೊಬೈಲ್ ಹಾಟ್‌ಸ್ಪಾಟ್ ಕೊಡುತ್ತೇನೆ. ಈ ವ್ಯತ್ಯಾಸವೇ ಕೊನೆಗೆ ಆಯ್ಕೆಯನ್ನು ನಿರ್ಧರಿಸಿತು.

ಮೊದಲ ಪರೀಕ್ಷೆಗೆ ನಿಜವಾದ ವೈರಸ್ ಬೇಕಿಲ್ಲ. ಐಕಾರ್ ಎಂಬ ಪರೀಕ್ಷಾ ಕಡತವಿದೆ. ಅದು 68 ಅಕ್ಷರಗಳ ಒಂದು ಸಾಲು, ಅದರಿಂದ ಯಾವ ಅಪಾಯವೂ ಇಲ್ಲ. ಆಂಟಿವೈರಸ್ ತಯಾರಿಸುವವರೆಲ್ಲ ಅದನ್ನು ವೈರಸ್ ಎಂದೇ ಗುರುತಿಸಲು ಒಪ್ಪಿಕೊಂಡಿದ್ದಾರೆ. ಅದನ್ನು ಪೆನ್‌ಡ್ರೈವ್‌ನಲ್ಲಿಟ್ಟು ತೆರೆಯಲು ಹೋದಾಗ ಮೂರೂ ತಂತ್ರಾಂಶಗಳು ಹಿಡಿದವು. ಕಾವಲು ಎಚ್ಚರವಾಗಿದೆ ಎಂಬುದಕ್ಕೆ ಇಷ್ಟು ಸಾಕು. ಹೊಸ ವೈರಸ್ಸನ್ನು ಗುರುತಿಸುವ ಶಕ್ತಿ ಇದರಿಂದ ತಿಳಿಯುವುದಿಲ್ಲ.

ಆ ಶಕ್ತಿಯನ್ನು ಅಳೆಯುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ ಅದನ್ನು ಮಾಡುತ್ತದೆ, ಮತ್ತು ನೆಟ್ ಇದ್ದಾಗ ಎಷ್ಟು ಹಿಡಿಯಿತು, ಇಲ್ಲದಾಗ ಎಷ್ಟು ಹಿಡಿಯಿತು ಎಂದು ಬೇರೆ ಬೇರೆಯಾಗಿ ಪ್ರಕಟಿಸುತ್ತದೆ. ನಮ್ಮಂಥ ಮನೆಗಳು ನೋಡಬೇಕಾದ ಅಂಕಿ ಇದೇ. ನೆಟ್ ಇದ್ದಾಗ ಮೈಕ್ರೋಸಾಫ್ಟ್ ಡಿಫೆಂಡರ್ ಉಳಿದವುಗಳ ಸಮಕ್ಕೆ ನಿಲ್ಲುತ್ತದೆ. ನೆಟ್ ಇಲ್ಲದಾಗ ಬಹಳ ಹಿಂದೆ ಬೀಳುತ್ತದೆ, ಏಕೆಂದರೆ ಅನುಮಾನ ಬಂದ ಕಡತದ ಬಗ್ಗೆ ಅದು ಕಂಪನಿಯ ಸರ್ವರನ್ನು ಕೇಳಿಯೇ ತೀರ್ಮಾನಿಸುವುದು ಹೆಚ್ಚು. ಬಿಟ್‌ಡಿಫೆಂಡರ್ ಮತ್ತು ಅವಾಸ್ಟ್ ಅಷ್ಟು ಸೊರಗುವುದಿಲ್ಲ.

ಹಾಗೆಂದು ಡಿಫೆಂಡರ್ ಕೈಲಾಗದ್ದಲ್ಲ. ವಿಂಡೋಸ್ ಜೊತೆಗೇ ಬರುತ್ತದೆ, ಖಾತೆ ತೆರೆಯಬೇಕಿಲ್ಲ, ಹಣ ಕಟ್ಟಿ ಎಂದು ಪೀಡಿಸುವುದಿಲ್ಲ. ವಿಂಡೋಸ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಅದರ ಪುಟಗಳೂ ಕನ್ನಡದಲ್ಲಿ ಕಾಣುತ್ತವೆ. ಇಂಗ್ಲಿಷ್ ಎಚ್ಚರಿಕೆ ಕಂಡೊಡನೆ ಗಾಬರಿಯಾಗುವ ನಮ್ಮ ಅತ್ತೆಯವರಿಗೆ ಇದು ದೊಡ್ಡ ಅನುಕೂಲ. ಆದರೆ ಅದರ ಒಳ್ಳೆಯ ಗುಣಗಳಲ್ಲಿ ಒಂದು ಮುಚ್ಚಿಕೊಂಡೇ ಇರುತ್ತದೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ರಕ್ಷಣೆಯ ಪುಟದಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬುದನ್ನು ನಾವೇ ಆನ್ ಮಾಡಬೇಕು. ಮಾಡಿದರೆ ಪರಿಚಯವಿಲ್ಲದ ತಂತ್ರಾಂಶ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಏನನ್ನೂ ತಿದ್ದಲಾರದು. ಹಳೆಯ ಡಿಟಿಪಿ ತಂತ್ರಾಂಶ ಬಳಸುವವರು ಅದನ್ನು ಅನುಮತಿ ಪಟ್ಟಿಗೆ ಸೇರಿಸಬೇಕಾಗಬಹುದು, ಅಷ್ಟೇ. ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ಹಿಂದೆ ಸರಿಯುತ್ತದೆ, ಈ ರಕ್ಷಣೆಯೂ ಅದರೊಂದಿಗೆ ನಿಂತುಹೋಗುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಮಾತು. ಫುಲ್ ಸ್ಕ್ಯಾನ್ ಕೊಟ್ಟರೆ ಪೆನ್‌ಡ್ರೈವ್ ಕೂಡ ತಪಾಸಣೆಯಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಡಿಫೆಂಡರ್‌ನ ಮೂಲ ಸೆಟ್ಟಿಂಗ್‌ನಲ್ಲಿ ಹಾಗಾಗುವುದಿಲ್ಲ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಬೇರೆಯಾಗಿಯೇ ಸ್ಕ್ಯಾನ್ ಮಾಡಿಸಬೇಕು. ನಮ್ಮ ಮನೆಯಲ್ಲಿ ಇದನ್ನು ಮಾಡದೆ ಯಾರೂ ಪೆನ್‌ಡ್ರೈವ್ ತೆರೆಯುವ ಹಾಗಿಲ್ಲ.

ಬಿಟ್‌ಡಿಫೆಂಡರ್ ರೊಮೇನಿಯಾದ ಕಂಪನಿಯದು. ಉಚಿತ ಆವೃತ್ತಿಗೆ ಇಮೇಲ್ ಕೊಟ್ಟು ಖಾತೆ ತೆರೆಯಬೇಕು. ಅದಾದ ಮೇಲೆ ಅದರ ಸೆಟ್ಟಿಂಗ್‌ಗಳಲ್ಲಿ ಕೈಯಾಡಿಸುವುದಕ್ಕೆ ಹೆಚ್ಚೇನೂ ಇಲ್ಲ, ಅದು ನನಗೆ ಹಿಡಿಸಿತು. ನನ್ನ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಅದು ಕೂತ ಮೇಲೂ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವಾಗ ಅಕ್ಷರಗಳು ತಡವರಿಸಲಿಲ್ಲ. ಒಂದೇ ಷರತ್ತು: ವೈರಸ್ ಪಟ್ಟಿ ಹೊಸದಾಗಿರಬೇಕಾದರೆ ಆಗಾಗ ಹಾಟ್‌ಸ್ಪಾಟ್ ಕೊಡಲೇಬೇಕು.

ಅವಾಸ್ಟ್ ಉಚಿತವಾಗಿ ಕೊಡುವುದು ಮೂರರಲ್ಲೇ ಹೆಚ್ಚು. ವೈಫೈ ತಪಾಸಣೆ ಇದೆ, ರ‍್ಯಾನ್ಸಮ್‌ವೇರ್ ತಡೆ ಇದೆ, ವಿಂಡೋಸ್ ಏಳುವ ಮೊದಲೇ ಡಿಸ್ಕ್ ಶೋಧಿಸುವ ಬೂಟ್ ಸ್ಕ್ಯಾನ್ ಇದೆ. ವೈರಸ್ ಆಗಲೇ ಬೇರುಬಿಟ್ಟ ಯಂತ್ರಕ್ಕೆ ಬೂಟ್ ಸ್ಕ್ಯಾನ್ ನಿಜಕ್ಕೂ ಉಪಯುಕ್ತ. ಡಿಫೆಂಡರ್‌ನಲ್ಲೂ ಆಫ್‌ಲೈನ್ ಸ್ಕ್ಯಾನ್ ಎಂಬ ಹೆಸರಿನಲ್ಲಿ ಇಂಥದ್ದೇ ಇದೆ. ಆದರೂ ಅವಾಸ್ಟ್ ಅನ್ನು ನಾನು ಉಳಿಸಿಕೊಳ್ಳಲಿಲ್ಲ. ಬಳಕೆದಾರರ ಬ್ರೌಸಿಂಗ್ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ವಿಷಯ 2020ರಲ್ಲಿ ಬಯಲಿಗೆ ಬಂತು, ಆ ಅಂಗಸಂಸ್ಥೆಯನ್ನು ಮುಚ್ಚಲಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದಕ್ಕಾಗಿ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಕಂಪನಿ ಈಗ ಸರಿಯಾಗಿಯೇ ನಡೆಯುತ್ತಿರಬಹುದು. ಆದರೆ ಮನೆಯವರೆಲ್ಲ ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದ ಕಾವಲಿಗೆ ನನಗೆ ಮನಸ್ಸು ಒಪ್ಪಲಿಲ್ಲ. ಅವಾಸ್ಟ್ ಬೇಡವೆಂದು ಎವಿಜಿ ಅಥವಾ ಅವಿರಾ ಹುಡುಕುವವರಿಗೆ ಒಂದು ಸಂಗತಿ: ಇವೆಲ್ಲವೂ ನಾರ್ಟನ್ ಜೊತೆಗೆ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ.

ಮಾಲ್ವೇರ್‌ಬೈಟ್ಸ್ ಉಚಿತ ಆವೃತ್ತಿಯನ್ನು ಈ ಸಾಲಿಗೆ ಸೇರಿಸಿಲ್ಲ. ಪ್ರಾಯೋಗಿಕ ಅವಧಿ ಮುಗಿದ ಮೇಲೆ ಅದು ಕಾವಲು ಕಾಯುವುದಿಲ್ಲ, ಕರೆದಾಗ ಬಂದು ಶೋಧಿಸುತ್ತದೆ. ಎರಡನೆಯ ಅಭಿಪ್ರಾಯಕ್ಕೆ ಒಳ್ಳೆಯದು. ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಸೋಂಕು ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ.

ಆಂಟಿವೈರಸ್ ಯಾವುದೇ ಇರಲಿ, ಶಾರ್ಟ್‌ಕಟ್ ವೈರಸ್ ವಿಷಯದಲ್ಲಿ ಒಂದು ಕೆಲಸ ನಮ್ಮ ಪಾಲಿಗೆ ಉಳಿಯುತ್ತದೆ. ಒಮ್ಮೆ ಝೆರಾಕ್ಸ್ ಅಂಗಡಿಯ ಹುಡುಗ, "ಅಕ್ಕಾವರೆ, ವೈರಸ್ ಹೋಯಿತು, ಆದರೆ ಫೈಲ್‌ಗಳೂ ಹೋದವು" ಎಂದು ಪೆನ್‌ಡ್ರೈವ್ ತಂದುಕೊಟ್ಟ. ಫೈಲ್‌ಗಳು ಹೋಗಿರಲಿಲ್ಲ. ಈ ವೈರಸ್ ಎಲ್ಲವನ್ನೂ ಅಡಗಿಸಿ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್ ಇಡುತ್ತದೆ. ಆಂಟಿವೈರಸ್ ಶಾರ್ಟ್‌ಕಟ್ಟನ್ನು ಅಳಿಸಿದರೂ ಅಡಗಿಸಿದ್ದನ್ನು ಹೊರತೆಗೆಯುವುದಿಲ್ಲ. ಫೋಲ್ಡರ್ ಆಯ್ಕೆಗಳಲ್ಲಿ ಹಿಡನ್ ಫೈಲ್‌ಗಳನ್ನು ತೋರಿಸು ಎಂದು ಗುರುತು ಹಾಕಿ, ಸಿಸ್ಟಮ್ ಫೈಲ್‌ಗಳನ್ನು ಅಡಗಿಸು ಎಂಬ ಗುರುತನ್ನು ತೆಗೆದಾಗ ಅವನ ಅರ್ಜಿಗಳೆಲ್ಲ ಇದ್ದಲ್ಲೇ ಇದ್ದವು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿ ಎಷ್ಟು ಮಕ್ಕಳು ದಾಖಲೆ ಕಳೆದುಕೊಂಡಿದ್ದಾರೋ ಎಂದು ನನಗೆ ಬೇಸರವಾಗುತ್ತದೆ.

ಮಗಳ ಲ್ಯಾಪ್‌ಟಾಪ್‌ಗೆ ಡಿಫೆಂಡರನ್ನೇ ಉಳಿಸಿ, ಮೇಲೆ ಹೇಳಿದ ರಕ್ಷಣೆಯನ್ನು ಆನ್ ಮಾಡಿದ್ದೇನೆ. ನನ್ನ ಡೆಸ್ಕ್‌ಟಾಪ್‌ಗೆ ಬಿಟ್‌ಡಿಫೆಂಡರ್. ಎರಡು ಆಂಟಿವೈರಸ್‌ಗಳನ್ನು ಒಂದೇ ಯಂತ್ರದಲ್ಲಿ ಹಾಕುವುದು ಬೇಡ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್‌ನದೇ ತೂತುಗಳನ್ನು ಯಾವ ಆಂಟಿವೈರಸ್ಸೂ ಮುಚ್ಚಲಾರದು. ಹಾಗಾಗಿ ನನ್ನಂತೆ ಹಳೆಯ ಯಂತ್ರ ಇಟ್ಟುಕೊಂಡವರು ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿದರೆ ಅದಕ್ಕೆ ಹಣವಿಲ್ಲ, 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ.