ಏಳು ಸೀಟಿನ ಬಾಡಿಗೆ ಕಾರು, ರೈಲು, ನಮ್ಮ ಸಣ್ಣ ಕಾರು: ಮಕ್ಕಳೊಂದಿಗೆ ಒಂದು ವರ್ಷ ಓಡಾಡಿದ ಮೇಲೆ

ಮಗನಿಗೆ ಮೂರು ತುಂಬುತ್ತಿದ್ದಂತೆ ನೆಂಟರಿಷ್ಟರೆಲ್ಲ ಒಂದೇ ಸಲಹೆ ಕೊಡತೊಡಗಿದರು: ಈ ಸಣ್ಣ ಕಾರನ್ನು ಮಾರಿ ಏಳು ಸೀಟಿನದನ್ನು ತೆಗೆದುಕೊಳ್ಳಿ, ಇಬ್ಬರು ಮಕ್ಕಳೊಂದಿಗೆ ಊರೂರು ಸುತ್ತುವವರಿಗೆ ಅದೇ ಸರಿ. ಅಷ್ಟು ಹಣ ಹಾಕುವ ಮೊದಲು ದೊಡ್ಡ ಗಾಡಿಯ ಸುಖ ಎಷ್ಟೆಂದು ನೋಡೋಣವೆಂದು, ಕಳೆದ ಒಂದು ವರ್ಷದ ಪ್ರವಾಸಗಳನ್ನು ಕೆಲವೊಮ್ಮೆ ಬಾಡಿಗೆಯ ಏಳು ಸೀಟಿನ ಕಾರಿನಲ್ಲಿ, ಕೆಲವೊಮ್ಮೆ ರೈಲಿನಲ್ಲಿ, ಉಳಿದಂತೆ ನಮ್ಮದೇ ಹ್ಯಾಚ್‌ಬ್ಯಾಕಿನಲ್ಲಿ ಮಾಡಿದೆವು. ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಕಾರನ್ನೇ ಉಳಿಸಿಕೊಂಡು, ಮಗನಿಗೆ 12 ಸಾವಿರ ರೂಪಾಯಿಯ ಮಕ್ಕಳ ಸೀಟನ್ನೂ ಏಳು ವರ್ಷದ ಮಗಳಿಗೆ, ಕಾರಿನ ಬೆಲ್ಟ್ ಸರಿಯಾದ ಜಾಗಕ್ಕೆ ಬರುವಂತೆ ಮಗುವನ್ನು ಎತ್ತರಿಸಿ ಕೂರಿಸುವ 4 ಸಾವಿರದ ಬೂಸ್ಟರ್ ಸೀಟನ್ನೂ ಕೊಂಡದ್ದು ಈ ವರ್ಷ ನಮ್ಮ ಮನೆಯಲ್ಲಿ ಆದ ಅತ್ಯುತ್ತಮ ಖರ್ಚು.

ಬಾಡಿಗೆ ಕಾರಿನ ಬಗ್ಗೆ ನನಗಿರುವ ತಕರಾರು ಮುಖ್ಯವಾಗಿ ಒಂದೇ, ಆದರೆ ಅದು ಸಣ್ಣದಲ್ಲ. ಮೂಡಿಗೆರೆ ಕಡೆಯ ಪ್ರವಾಸಕ್ಕೆ ಗಾಡಿ ಹೇಳುವಾಗ ಟ್ರಾವೆಲ್ಸ್‌ನವರನ್ನು ಎರಡು ಸಲ ವಿಚಾರಿಸಿದ್ದೆ: ಹಿಂದಿನ ಸೀಟಿನಲ್ಲಿ ಬೆಲ್ಟ್ ಇದೆಯೇ, ಮಕ್ಕಳ ಸೀಟು ಕೂರಿಸಬಹುದೇ ಎಂದು. "ಎಲ್ಲಾ ಇದೆ ಮೇಡಂ" ಎಂಬ ಉತ್ತರ ಬಂದಿತ್ತು. ಬೆಳಿಗ್ಗೆ ಐದೂವರೆಗೆ ಗಾಡಿ ಬಾಗಿಲಿಗೆ ಬಂತು, ಬೆಲ್ಟೂ ಇತ್ತು. ಅದನ್ನು ಎಳೆದು ಸಿಕ್ಕಿಸಬೇಕಾದ ಬಕಲ್ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಬಕಲ್‌ಗಳು ಸೀಟ್ ಕವರಿನ ಅಡಿಯಲ್ಲಿದ್ದವು. ದಪ್ಪ ರೆಕ್ಸಿನ್ ಕವರನ್ನು ಮಧ್ಯದ ಸಾಲಿಗೆ ಒಂದೇ ತುಂಡಾಗಿ ಹೊಲಿಸಿ, ಕೆಳಗಡೆ ಕೊಕ್ಕೆ ಹಾಕಿ ಬಿಗಿದಿದ್ದರು. ಬಕಲ್ ಹೊರಬರಲು ಬಿಡಬೇಕಾದ ಸೀಳುಗಳನ್ನು ಹೊಲಿದವರು ಬಿಟ್ಟೇ ಇರಲಿಲ್ಲ. ಡ್ರೈವರ್ ಒಳ್ಳೆಯ ಮನುಷ್ಯರು. ಟಾರ್ಚ್ ಹಿಡಿದು ನಮ್ಮೊಂದಿಗೆ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದರು. ಎಡಬದಿಯ ಬಕಲ್ ಸಿಕ್ಕಿತು, ಕೆಲಸವನ್ನೂ ಮಾಡಿತು. ಬಲಬದಿಯದರ ಬಾಯಿಯೊಳಗೆ ಕಡಲೆಕಾಯಿ ಸಿಪ್ಪೆ, ಬಿಸ್ಕತ್ತಿನ ಪುಡಿ ಗಟ್ಟಿಯಾಗಿ ಕುಳಿತು, ಬೆಲ್ಟಿನ ನಾಲಿಗೆ ಅರ್ಧದವರೆಗೆ ಮಾತ್ರ ಹೋಗುತ್ತಿತ್ತು. ಹೊರಡುವಾಗ ಏಳು ದಾಟಿತ್ತು. "ಹಿಂದೆ ಯಾರೂ ಬೆಲ್ಟ್ ಕೇಳೋದಿಲ್ಲ ಮೇಡಂ, ಅದಕ್ಕೇ ಯಾರೂ ನೋಡಿರಲಿಲ್ಲ" ಎಂದು ಡ್ರೈವರ್ ಹೇಳಿದ್ದು ಸುಳ್ಳಲ್ಲ ಎಂಬುದೇ ನನ್ನನ್ನು ಹೆಚ್ಚು ಕಲಕಿತು. 14 ವರ್ಷದೊಳಗಿನ ಮಗು ಬೆಲ್ಟಿನಲ್ಲಾಗಲಿ ಮಕ್ಕಳ ಸೀಟಿನಲ್ಲಾಗಲಿ ಭದ್ರವಾಗಿರದಿದ್ದರೆ 1,000 ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿಯೇ ಇದೆ. ದಂಡದ ಮಾತು ಹಾಗಿರಲಿ. ನೂರರ ವೇಗದಲ್ಲಿ ಓಡುವ ಹೆದ್ದಾರಿಯಲ್ಲಿ ಗಾಡಿ ಒಮ್ಮೆಲೇ ನಿಂತರೆ, ತಾಯಿಯ ತೋಳಿಗೆ ಮಗುವನ್ನು ಹಿಡಿದಿಟ್ಟುಕೊಳ್ಳುವ ಬಲವಿರುವುದಿಲ್ಲ. ಮಡಿಲಲ್ಲಿ ಕೂರಿಸಿಕೊಂಡರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿರುವುದರಿಂದ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮಗನ ಸೀಟನ್ನು ಎಡಬದಿಯಲ್ಲಿ ಬೆಲ್ಟಿನಿಂದ ಬಿಗಿದೆವು. ಬೂಸ್ಟರಿಗೆ ಭುಜದ ಮೇಲಿಂದ ಬರುವ ಬೆಲ್ಟೇ ಬೇಕು. ಸೊಂಟಕ್ಕಷ್ಟೇ ಕಟ್ಟುವ ಪಟ್ಟಿಯೊಂದಿಗೆ ಅದನ್ನು ಬಳಸುವಂತಿಲ್ಲ. ಮಧ್ಯದ ಸಾಲಿನ ನಡುವೆ ಇದ್ದದ್ದು ಸೊಂಟದ ಪಟ್ಟಿ, ಬಲಬದಿಯ ಬಕಲ್ ಕೆಟ್ಟಿತ್ತು. ಹೀಗಾಗಿ ಮಗಳು ಕೊನೆಯ ಸಾಲಿಗೆ ಹೋದಳು, ನಾನು ಅವಳ ಪಕ್ಕದಲ್ಲಿ ಮೊಣಕಾಲು ಮಡಚಿ ಕುಳಿತೆ. ಹಾಸನದವರೆಗೆ ತೊಂದರೆಯಾಗಲಿಲ್ಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳು ಆರಂಭವಾದ ಮೇಲೆ, ಹಿಂದಿನ ಚಕ್ರಗಳ ಮೇಲೆಯೇ ಇರುವ ಆ ಸಾಲು ಪ್ರತಿ ತಿರುವಿನಲ್ಲೂ ತೂಗಾಡಿತು. ಅಲ್ಲಿಂದ ಮುಂದಿನ ರಸ್ತೆಯೇ ಕಾಣುವುದಿಲ್ಲ, ಮಂಜಿನಿಂದಾಗಿ ಪಕ್ಕದ ಗಾಜಿನಾಚೆಗೂ ಏನೂ ಕಾಣುತ್ತಿರಲಿಲ್ಲ. ಮಗಳು ಘಾಟಿ ಇಳಿಯುವವರೆಗೂ ವಾಂತಿ ಮಾಡಿಕೊಂಡಳು. ಅದೇ ಮಗು ಆಗುಂಬೆಯ 14 ತಿರುವುಗಳನ್ನು ನಮ್ಮ ಸಣ್ಣ ಕಾರಿನಲ್ಲಿ, ಬೂಸ್ಟರಿನ ಎತ್ತರದಿಂದ ಮುಂದಿನ ರಸ್ತೆಯನ್ನು ನೋಡುತ್ತ, ಕಿಟಕಿಯ ಗಾಳಿಗೆ ಮುಖವೊಡ್ಡಿ ಸುಖವಾಗಿ ಇಳಿದಿದ್ದಳು.

ಸಾಮಾನಿನ ವಿಷಯದಲ್ಲಿ ದೊಡ್ಡ ಗಾಡಿ ಮೇಲು ಎನ್ನುವುದು ಮೂರನೆಯ ಸಾಲನ್ನು ಮಡಚಿಟ್ಟಾಗ ಮಾತ್ರ ನಿಜ.

ಇನ್ನು ಬಾಡಿಗೆಯ ಲೆಕ್ಕ. ಹೊರಊರಿಗೆ ಹೋಗುವ ಗಾಡಿಗಳಿಗೆ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ದಿನಕ್ಕೆ 250ರಿಂದ 300 ಕಿ.ಮೀ. ಕನಿಷ್ಠ ಎಂದು ಹಿಡಿಯುತ್ತಾರೆ. ಓಡಲಿ, ನಿಂತಿರಲಿ, ಅಷ್ಟಕ್ಕೆ ಹಣ ಕೊಡಬೇಕು. ಒಂದೇ ತೋಟದ ಮನೆಯಲ್ಲಿ ಎರಡು ರಾತ್ರಿ ಉಳಿದು, ಹಳ್ಳದಲ್ಲಿ ಮಕ್ಕಳನ್ನು ಆಡಲು ಬಿಟ್ಟು, ಸುಮ್ಮನೆ ಇದ್ದು ಬರುವ ನಮ್ಮಂಥವರಿಗೆ ಈ ಲೆಕ್ಕ ಒಗ್ಗುವುದಿಲ್ಲ. ದಿನಕ್ಕೆ 300 ಕಿ.ಮೀ.ಯಂತೆ, ಕಿ.ಮೀ.ಗೆ 20 ರೂಪಾಯಿ ಎಂದಿಟ್ಟುಕೊಂಡರೂ ಮೂರು ದಿನಕ್ಕೆ 18 ಸಾವಿರ, ಮೇಲೆ ಟೋಲ್ ಮತ್ತು ಡ್ರೈವರ್ ಬಾಟಾ. ಅಷ್ಟೇ ದೂರ ನಮ್ಮ ಕಾರಿನಲ್ಲಿ ಹೋಗಿ ಬಂದರೆ ಪೆಟ್ರೋಲ್ ಮತ್ತು ಟೋಲ್ ಸೇರಿ 6 ಸಾವಿರದೊಳಗೆ ಮುಗಿಯುತ್ತದೆ. ಅಂದರೆ ಎರಡು ಪ್ರವಾಸಗಳ ಉಳಿತಾಯದಲ್ಲಿ ಮಕ್ಕಳ ಸೀಟುಗಳ ಬೆಲೆ ಹುಟ್ಟಿಬಿಡುತ್ತದೆ.

ರೈಲನ್ನು ನಾನು ಬಾಡಿಗೆ ಕಾರಿಗಿಂತ ಬಹಳ ಮೇಲೆ ಇಡುತ್ತೇನೆ. ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಮಕ್ಕಳು ನಿದ್ದೆಯಲ್ಲೇ ಹೊಸಪೇಟೆ ತಲುಪುತ್ತಾರೆ. ಅಲ್ಲಿಂದ ಹಂಪಿಗೆ 13 ಕಿ.ಮೀ. ಹಗಲಿನ ಕಾರವಾರದ ರೈಲಿನಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯನ್ನಂತೂ ಪ್ರತಿ ಮಗುವೂ ಒಮ್ಮೆ ನೋಡಬೇಕು. ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಕತ್ತಲು ಕವಿದಾಗ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿ, ಬೆಳಕು ಬಂದೊಡನೆ ಒಟ್ಟಿಗೆ ಸುಮ್ಮನಾಗುತ್ತಿದ್ದರು. ಐದು ವರ್ಷದೊಳಗಿನವರಿಗೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಐದು ತುಂಬಿದ ಮಗುವಿಗೆ ಬರ್ತ್ ಬೇಕಾದರೆ ಪೂರ್ತಿ ದರ.

ಆದರೂ ರೈಲು ನಮಗೆ ಎರಡನೆಯ ಆಯ್ಕೆಯಾಗಿ ಉಳಿಯಿತು. ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆದು, ವಾರಾಂತ್ಯದ ಸ್ಲೀಪರ್ ಬೇಗ ತುಂಬಿಹೋಗುತ್ತದೆ. ನಮ್ಮ ಮನೆಯಲ್ಲಿ ಪ್ರವಾಸ ನಿಶ್ಚಯವಾಗುವುದು ಮಕ್ಕಳ ನೆಗಡಿ, ಜ್ವರ ಎಲ್ಲ ನೋಡಿಕೊಂಡು ಗುರುವಾರ ರಾತ್ರಿ. ಜೊತೆಗೆ, ರೈಲು ಇಳಿದ ಮೇಲಿನ ಆಟೋಗಳಲ್ಲಿ, ತೋಟದ ಮನೆಯವರು ಕಳಿಸುವ ಜೀಪಿನಲ್ಲಿ ಮಕ್ಕಳಿಗೆ ಬೆಲ್ಟಿನ ಪ್ರಶ್ನೆಯೇ ಬರುವುದಿಲ್ಲ. ಹಂಪಿಯ ನಿಧಾನದ ಒಳರಸ್ತೆಗಳಲ್ಲಿ ಆಟೋ ನನಗೆ ಒಪ್ಪಿಗೆ. ಮಲೆನಾಡಿನ ಇಳಿಜಾರಿನಲ್ಲಿ ತೆರೆದ ಜೀಪಿನ ಹಿಂಬದಿಯ ಬೆಂಚು ಒಪ್ಪಿಗೆಯಿಲ್ಲ.

ನಮ್ಮ ಕಾರಿನಲ್ಲಿ ಹಿಂದಿನ ಸೀಟಿನ ಎರಡೂ ಬದಿಗೆ ಐಸೋಫಿಕ್ಸ್ ಕೊಂಡಿಗಳಿವೆ, ಅಂದರೆ ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೇ ಸಿಕ್ಕಿಸುವ ಕೊಂಡಿಗಳು. ಮಗನ ಸೀಟಿನ ಕಾಲುಗಳನ್ನು ಅದಕ್ಕೆ ತಳ್ಳಿದರೆ ಟಕ್ಕೆಂದು ಕೂತು, ಕೆಂಪು ಗುರುತು ಹಸಿರಾಗುತ್ತದೆ. ಆಮೇಲೆ ಮೇಲಿನ ಪಟ್ಟಿಯನ್ನು ಬೆನ್ನಿನ ಹಿಂದಿನ ಕೊಕ್ಕೆಗೆ ಹಾಕಿ ಬಿಗಿದರೆ ಕೆಲಸ ಮುಗಿಯಿತು. ಕೊಳ್ಳುವಾಗ ನಾವು ನೋಡಿದ್ದು ಸೀಟಿನ ಹಿಂಬದಿಯ ಕಿತ್ತಳೆ ಬಣ್ಣದ ಚೀಟಿಯನ್ನು: ಮಕ್ಕಳ ಸೀಟುಗಳ ಸುರಕ್ಷತೆಗಿರುವ ಇಸಿಇ ಆರ್44 ಎಂಬ ಅಂತರರಾಷ್ಟ್ರೀಯ ಮಾನದಂಡ, ಮಗುವಿನ ತೂಕದ ಮಿತಿ ಅದರಲ್ಲಿ ಮುದ್ರಿತವಾಗಿರುತ್ತವೆ. ಸೀಟು ಕಾರಿನಲ್ಲೇ ಕಾಯಂ ಇರುವುದರಿಂದ ಮಗ ಅದನ್ನು ತನ್ನ ಜಾಗವೆಂದೇ ತಿಳಿದಿದ್ದಾನೆ. ಮೊದಲ ಕೆಲವು ಸಲ ಅತ್ತವನು ಈಗ ತಾನೇ ಹತ್ತಿ ಕುಳಿತು ಬೆಲ್ಟಿಗೆ ಕೈ ಚಾಚುತ್ತಾನೆ.

ಮನಸ್ಸು ಬಂದಲ್ಲಿ ನಿಲ್ಲುವ ಸ್ವಾತಂತ್ರ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಡಿಯೂರಿನಲ್ಲಿ ಇಳಿದು ಮಕ್ಕಳನ್ನು ಓಡಾಡಿಸುತ್ತೇವೆ. ಸಕಲೇಶಪುರದ ಬಳಿ ಹೆದ್ದಾರಿಗೆ ತಾಗಿದಂತಿರುವ ಮಂಜರಾಬಾದ್ ಕೋಟೆಯ ಮೆಟ್ಟಿಲುಗಳನ್ನು ಮಗಳು ಒಂದೇ ಉಸಿರಿಗೆ ಹತ್ತಿ, ಟಿಪ್ಪು 1792ರಲ್ಲಿ ಕಟ್ಟಿಸಿದ ಆ ಎಂಟು ಮೂಲೆಯ ನಕ್ಷತ್ರವನ್ನು ಗೋಡೆಗುಂಟ ಪೂರ್ತಿ ಸುತ್ತಿದಳು. ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಪಾಳು ಚರ್ಚಿನೊಳಗೇ ನಡೆದಾಡಬಹುದೆಂದು ಹಾಸನದಲ್ಲಿ ತಿಂಡಿ ತಿನ್ನುವಾಗ ಯಾರೋ ಹೇಳಿದ್ದಕ್ಕೆ, ಅಲ್ಲಿಂದಲೇ ಕಾರು ತಿರುಗಿಸಿದೆವು. ಬಾಡಿಗೆ ಗಾಡಿಯಲ್ಲಿ ಇಂಥ ಪ್ರತಿ ತಿರುವಿಗೂ ಫೋನ್ ಮಾಡಿ ಕೇಳಬೇಕಾಗುತ್ತಿತ್ತು.

ಸಣ್ಣ ಕಾರಿನ ಕೊರತೆಯೂ ಸ್ಪಷ್ಟವಾಗಿದೆ. ಎರಡು ಸೀಟುಗಳನ್ನು ಹಾಕಿದ ಮೇಲೆ ಅವುಗಳ ನಡುವೆ ದೊಡ್ಡವರೊಬ್ಬರು ಕೂರಲಾಗುವುದಿಲ್ಲ. ಅತ್ತೆಯವರು ಜೊತೆಗೆ ಬರುವ ಪ್ರವಾಸಗಳಿಗೆ ರೈಲನ್ನೇ ಗೊತ್ತುಮಾಡಿಕೊಂಡಿದ್ದೇವೆ. ಮುಂದಿನದು ಬಾದಾಮಿ, ನಿಲ್ದಾಣದಿಂದ ಊರು ಹೆಚ್ಚು ದೂರವಿಲ್ಲ. ಮನೆಯಲ್ಲಿ ಆರು ಜನರಿದ್ದು, ಮಕ್ಕಳು ದೊಡ್ಡವರಾಗಿದ್ದು, ದಿನಕ್ಕೆ ಮುನ್ನೂರು ಕಿ.ಮೀ. ಓಡಾಡುವ ಅಭ್ಯಾಸವಿದ್ದವರಿಗೆ ಬಾಡಿಗೆಯ ಏಳು ಸೀಟೇ ಸರಿಹೋಗಬಹುದು. ಅಂಥವರು ಮುಂಗಡ ಕೊಡುವ ಮೊದಲು ಬರಲಿರುವ ಅದೇ ಗಾಡಿಯ ಮಧ್ಯದ ಸಾಲಿನ ಫೋಟೊ ಕೇಳಬೇಕು. ಎರಡೂ ಬಕಲ್‌ಗಳು ಕವರಿನ ಮೇಲೆ ಕಾಣುವಂತಿರಬೇಕು, ಬೆಲ್ಟ್ ಸಿಕ್ಕಿಸಿ ತೆಗೆದ ಫೋಟೊ ಆಗಿದ್ದರೆ ಇನ್ನೂ ಒಳ್ಳೆಯದು.