ಎಂಜಿನ್ ಬಿಚ್ಚಿಸುವ ಮೊದಲು ಟ್ಯಾಂಕಿನ ಮುಚ್ಚಳ ಬಿಚ್ಚಿ ನೋಡಿ

ಬಳ್ಳಾರಿಯಲ್ಲಿ ಇನ್ನೂ ಹಳೆಯ ಟೂ ಸ್ಟ್ರೋಕ್ ಆಟೊ ಓಡಿಸುತ್ತಿರುವವರು ಇದನ್ನು ಓದಿ. ನನ್ನ 8,400 ರೂಪಾಯಿ ಹೋಯಿತು. ಹಣ ಹೋದರೆ ಹೋಗಲಿ, ಮಾನವೂ ಹೋಯಿತು. 22 ವರ್ಷದಿಂದ ಆಟೊ ಓಡಿಸುತ್ತಿರುವ ನಾನು ಪೆಟ್ರೋಲ್ ಬಂಕಿನ ಹುಡುಗನಿಂದ ಪಾಠ ಹೇಳಿಸಿಕೊಂಡೆ.

ಗಾಡಿಯ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಹ್ಯಾಂಡಲ್ ಎಳೆದರೆ ಒಂದೇ ಎಳೆತಕ್ಕೆ ಸ್ಟಾರ್ಟ್. ಕೌಲ್ ಬಜಾರಿನಿಂದ ಜೀನ್ಸ್ ಪ್ಯಾಂಟಿನ ಗಂಟುಗಳನ್ನು ಹೇರಿಕೊಂಡು ಹೊರಟರೆ ಮೂರು ನಾಲ್ಕು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಪಿಕಪ್ ಇಲ್ಲ, ಮಿಸ್ಸಿಂಗ್, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಒಂದು ಚಹಾ ಕುಡಿದು ಬಂದು ಎಳೆದರೆ ಏನೂ ಆಗದಂತೆ ಮತ್ತೆ ಸ್ಟಾರ್ಟ್! ರಾಯಲ್ ಸರ್ಕಲ್ಲಿನ ನಟ್ಟನಡುವೆ, ಮಧ್ಯಾಹ್ನದ ಬಿಸಿಲಿನಲ್ಲಿ, ಹಿಂದೆ ಬಸ್ಸಿನವನು ಹಾರ್ನ್ ಒತ್ತಿ ಹಿಡಿದಿರುವಾಗ ಗಂಟುಗಳ ಸಮೇತ ಗಾಡಿ ತಳ್ಳಿದ್ದೇನೆ.

ಪ್ಲಗ್ ಬದಲಿಸಿದೆ. ಕಾರ್ಬರೇಟರ್ ಬಿಚ್ಚಿ ಜೆಟ್ ಊದಿದೆ. ಏರ್ ಫಿಲ್ಟರ್ ತೊಳೆದೆ; ನಮ್ಮ ಊರಿನ ಕೆಂಪು ಧೂಳು ಗೊತ್ತಲ್ಲ, ನೀರು ಕುಂಕುಮ ಕಲಸಿದಂತಾಯಿತು. ಏನೂ ಪ್ರಯೋಜನವಾಗಲಿಲ್ಲ. ನನ್ನ ಮಾಮೂಲಿ ಮೇಸ್ತ್ರಿ ಮಗಳ ಮದುವೆಗೆಂದು ಆದೋನಿಗೆ ಹೋಗಿದ್ದರು. ಈ ವಯಸ್ಸಿನ ಗಾಡಿಗೆ ವರ್ಷ ವರ್ಷವೂ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಎಂಬ ಸರ್ಟಿಫಿಕೇಟ್) ಆಗಬೇಕು, ಅದರ ದಿನವೂ ಹತ್ತಿರ ಬಂದಿತ್ತು. ಅವಸರಕ್ಕೆ ಬಿದ್ದು ಬೇರೊಂದು ಶೆಡ್ಡಿಗೆ ಹೋದೆ. ಹೆಸರು ಹೇಳುವುದಿಲ್ಲ.

ಅಲ್ಲಿನವನು ಗಾಡಿ ಓಡಿಸಿ ನೋಡಲಿಲ್ಲ. ಎಷ್ಟು ದೂರ ಓಡಿದ ಮೇಲೆ ನಿಲ್ಲುತ್ತದೆ ಎಂದು ಕೇಳಲಿಲ್ಲ. ಪ್ಲಗ್ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದು, “ಎಷ್ಟು ಕಪ್ಪಾಗಿದೆ ನೋಡಿ ಅಣ್ಣಾ, ಎಂಜಿನ್ ಎಣ್ಣೆ ಸುಡುತ್ತಿದೆ. ಬೋರ್ ಹೋಗಿದೆ” ಎಂದ. ಪಿಸ್ಟನ್ ಆಡುವ ಸಿಲಿಂಡರ್ ಸವೆದಿದೆ ಎಂದು ಅರ್ಥ. ನಾನು ತಲೆಯಾಡಿಸಿದೆ! ಲೀಟರಿಗೆ 20 ಮಿಲಿಯಂತೆ ಪೆಟ್ರೋಲಿಗೆ ಟೂಟಿ ಎಣ್ಣೆ ಬೆರೆಸುವವನು ದಿನವೂ ನಾನೇ. ಟೂ ಸ್ಟ್ರೋಕ್ ಎಂಜಿನ್ ಎಣ್ಣೆ ಸುಡದೆ ಇನ್ನೇನು ಮಾಡುತ್ತದೆ? ಇದು ಆಗ ಹೊಳೆಯಲಿಲ್ಲ. ಈಗ ರಾತ್ರಿ ಮಲಗಿದರೂ ಅದೇ ನೆನಪಾಗುತ್ತದೆ.

ಪಿಸ್ಟನ್ ಸೆಟ್, ಲೇತಿನಲ್ಲಿ ಬೋರಿಂಗ್, ಗ್ಯಾಸ್ಕೆಟ್, ಕೂಲಿ, “ಇತರೆ” ಎಂದು ಯಾರದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದು ಕೊಟ್ಟ. ಅದೇ ಬಿಲ್ಲು. “ಇತರೆ” ಎಂದರೆ ಏನೆಂದು ಕೇಳಲಿಲ್ಲ, ಎರಡು ದಿನ ಬಿಟ್ಟು ಹಣ ಕೊಟ್ಟೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಗೀರು ಬಿದ್ದ ಪಿಸ್ಟನ್ ಹಾಕಿ, “ನಿಮ್ಮ ಹಳೆಯ ಸಾಮಾನು ಅಣ್ಣಾ, ನಾವು ಇಟ್ಟುಕೊಳ್ಳುವುದಿಲ್ಲ” ಎಂದ. ಎಷ್ಟು ಪ್ರಾಮಾಣಿಕ ಎಂದುಕೊಂಡೆ. ಮನೆಯಲ್ಲಿಯೂ ಹಾಗೆಯೇ ಹೇಳಿದೆ.

ಮರುದಿನವೇ ಮತ್ತೆ ಮೋತಿ ಸರ್ಕಲ್ ಬಳಿ ನಿಂತಿತು. ಅದೇ ಕೆಮ್ಮು.

ಫೋನ್ ಮಾಡಿದೆ. “ಹೊಸ ಪಿಸ್ಟನ್ ಅಣ್ಣಾ, ಬಿಗಿ ಇರುತ್ತದೆ. 500 ಕಿಲೋಮೀಟರ್ ಆಗುವವರೆಗೆ 30ರ ಮೇಲೆ ಓಡಿಸಬೇಡಿ.” ಓಡಿಸಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಮಾಡಿದರೆ, “ಪೆಟ್ರೋಲಿನಲ್ಲಿ ನೀರು ಇರಬೇಕು, ಬಂಕ್ ಬದಲಿಸಿ” ಎಂದ. ಅದನ್ನೂ ಮಾಡಿದೆ. ಆಮೇಲೆ ಹೇಳಿದ್ದು ಕೇಳಿ: “ಹಳೆಯ ಎಂಜಿನ್ನಿಗೆ ಹೊಸ ಪಿಸ್ಟನ್ ಹೊಸ ಸೊಸೆ ಇದ್ದ ಹಾಗೆ ಅಣ್ಣಾ, ಒಗ್ಗಲು ಸಮಯ ಕೊಡಿ.” ಆ ಮಾತಿಗೆ ನಾನು ನಕ್ಕೆ ಕೂಡ. ನಕ್ಕೆನಲ್ಲಾ ಎಂದು ಈಗ ಹೊಟ್ಟೆ ಉರಿಯುತ್ತದೆ.

ಇನ್ನು ಬಂಕಿನ ಕತೆ. ನಾನು ಪೆಟ್ರೋಲ್ ಹಾಕಿಸುವುದು ಯಾವಾಗಲೂ ಬೆಳಿಗ್ಗೆ, ಮನೆಯಿಂದ ಹೊರಟ ಕೂಡಲೇ. ಆ ದಿನ ಮಾತ್ರ ಬಾಡಿಗೆಯ ನಡುವೆ, ಗಾಡಿ ಕೆಮ್ಮಲು ಶುರುಮಾಡಿದಾಗ, ಪೆಟ್ರೋಲೇ ಮುಗಿಯಿತೇನೋ ಎಂದು ಹೊಸಪೇಟೆ ರಸ್ತೆಯ ಬಂಕಿಗೆ ತಿರುಗಿಸಿದೆ. ಹುಡುಗ ಮುಚ್ಚಳ ತಿರುಗಿಸಿದ. ಸುಯ್ ಎಂದು ಶಬ್ದ ಬಂತು. ಅವನು ನನ್ನ ಮುಖ ನೋಡಿದ. “ಅಣ್ಣಾ, ನಿಮ್ಮ ಟ್ಯಾಂಕಿಗೆ ಉಸಿರಾಡಲು ಆಗುತ್ತಿಲ್ಲ” ಎಂದ.

ಮುಚ್ಚಳದ ಒಳಗೆ ಸೈಕಲ್ ಟ್ಯೂಬಿನ ದುಂಡನೆಯ ತುಂಡು. ಅದನ್ನು ಇಟ್ಟವನು ನಾನೇ.

ನಾಚಿಕೆ ಬಿಟ್ಟು ಹೇಳುತ್ತೇನೆ. ಬೆಳಿಗ್ಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತೇನೆ. ಹಳ್ಳಕ್ಕೆ ಇಳಿದಾಗಲೆಲ್ಲ ಪೆಟ್ರೋಲ್ ತುಳುಕಿ ವಾಸನೆ ಬರುತ್ತದೆ ಎಂದು ಒಂದು ಮಗುವಿನ ತಾಯಿ ಬೈದರು. ಬಿಗಿಯಾಗಲಿ ಎಂದು ಟ್ಯೂಬ್ ಕತ್ತರಿಸಿ ಮುಚ್ಚಳಕ್ಕೆ ಪ್ಯಾಕಿಂಗ್ ಕೊಟ್ಟೆ. ಗಾಳಿ ಹೋಗುವ ಸಣ್ಣ ತೂತು ಅದರ ಕೆಳಗೆ ಮುಚ್ಚಿಹೋಯಿತು. ನಮ್ಮ ಗಾಡಿಗಳಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯಬೇಕು. ಇಳಿದಷ್ಟು ಗಾಳಿ ಮೇಲಿನಿಂದ ಒಳಗೆ ಬರದಿದ್ದರೆ ಟ್ಯಾಂಕ್ ಪೆಟ್ರೋಲನ್ನು ಬಿಡುವುದಿಲ್ಲ, ಎಂಜಿನ್ ಹಸಿದು ನಿಲ್ಲುತ್ತದೆ. ಸ್ವಲ್ಪ ಹೊತ್ತು ನಿಂತರೆ ಕಾರ್ಬರೇಟರಿನ ಬಟ್ಟಲು ನಿಧಾನವಾಗಿ ತುಂಬಿಕೊಳ್ಳುತ್ತದೆ, ಮತ್ತೆ ಸ್ಟಾರ್ಟ್ ಆಗುತ್ತದೆ. ಚಹಾ ಕುಡಿದ ಹೊತ್ತಿನಲ್ಲಿ ಆಗುತ್ತಿದ್ದದ್ದು ಇದೇ! ಟ್ಯೂಬ್ ಕಿತ್ತೆಸೆದು ಕುಡತಿನಿಯವರೆಗೆ ಹೋಗಿ ಬಂದೆ. ಎಲ್ಲಿಯೂ ನಿಲ್ಲಲಿಲ್ಲ.

ಶೆಡ್ಡಿಗೆ ಹೋಗಿ ಕೇಳಿದೆ. “ಆ ಟ್ಯೂಬನ್ನು ನಾನು ಇಟ್ಟೆನೇ ಅಣ್ಣಾ?” ಎಂದ. ಬಾಯಿ ಕಟ್ಟಿತು. ತಪ್ಪು ನನ್ನದೇ ಎಂದು ಸುಮ್ಮನೆ ವಾಪಸು ಬಂದೆ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಆದೋನಿಯಿಂದ ಮೇಸ್ತ್ರಿ ಬಂದರು. ಆ ಕವರಿನ ಪಿಸ್ಟನ್ನನ್ನು ತಿರುಗಿಸಿ ನೋಡಿ, “ಇದು ಯಾರದು?” ಎಂದು ಕೇಳಿದರು. ನನ್ನದು ಎಂದೆ. ಪಿಸ್ಟನ್ನಿನ ತಲೆಯ ಮೇಲಿನ ಕರಿಯನ್ನು ಕೆರೆದು ಅಳತೆಯ ನಂಬರ್ ತೋರಿಸಿದರು: 25. ನಾನು 2019ರಲ್ಲಿ ಬೋರ್ ಮಾಡಿಸಿ ಹಾಕಿಸಿದ್ದು 50ರ ಪಿಸ್ಟನ್, ಅಂದರೆ ಮೂಲ ಅಳತೆಗಿಂತ ಅರ್ಧ ಮಿಲಿಮೀಟರ್ ದೊಡ್ಡದು. ಹಾಕಿದವರು ಇದೇ ಮೇಸ್ತ್ರಿ. ಒಮ್ಮೆ ಕೊರೆದ ಬೋರ್ ಮತ್ತೆ ಚಿಕ್ಕದಾಗುತ್ತದೆಯೇ? ಅಲ್ಲೇ ಹೆಡ್ ಬಿಚ್ಚಿಸಿದೆ. ಮತ್ತೆ ಕೊರೆಸಿದ್ದರೆ ಒಳಗೆ ಮುಂದಿನ ಅಳತೆಯ 75 ಇರಬೇಕಿತ್ತು; ಇದ್ದದ್ದು 50. ನನ್ನದೇ ಪಿಸ್ಟನ್, ಕಾರ್ಬನ್ ಕೆರೆದು ಫಳಫಳ ಹೊಳೆಯುವಂತೆ ಮಾಡಿದ್ದ. ಬೋರಿಂಗ್ ಇಲ್ಲ, ಹೊಸ ಪಿಸ್ಟನ್ ಇಲ್ಲ, ಒಂದು ಗ್ಯಾಸ್ಕೆಟ್ ಮಾತ್ರ ಹೊಸದು. ನನ್ನದೇ ಹಳೆಯ ಪಿಸ್ಟನ್ನನ್ನು “ಹೊಸ ಸೊಸೆ” ಎಂದು ನನಗೇ ಕೊಟ್ಟಿದ್ದ. ಅದಕ್ಕೆ ಬಿಗಿಯಾಗುತ್ತದೆ ಎಂದು ನಾನು 30ರಲ್ಲಿ ಓಡಿಸುತ್ತಿದ್ದೆ, ಸೈಕಲ್ಲುಗಳೂ ನನ್ನನ್ನು ದಾಟಿಕೊಂಡು ಹೋಗುತ್ತಿದ್ದವು.

ಮತ್ತೆ ಹೋದೆ. ಮೊದಲು “ಲೇತಿನಲ್ಲಿ ಅದಲು ಬದಲಾಗಿರಬೇಕು” ಎಂದ. ಒಳಗೆ ಇರುವುದೂ ನನ್ನದೇ ಅಲ್ಲವೇ ಎಂದೆ. ಆಗ ಬಂದ ಉತ್ತರ: “ಗಾಡಿ ಓಡುತ್ತಿದೆಯಲ್ಲ ಅಣ್ಣಾ. ಬೇರೆಯವರ ಕೈಯಲ್ಲಿ ಏಕೆ ಬಿಚ್ಚಿಸಿದಿರಿ? ಇನ್ನು ನಮ್ಮ ಗ್ಯಾರಂಟಿ ಇಲ್ಲ.” ಲಗ್ನಪತ್ರಿಕೆ ತೋರಿಸಿದರೆ, ಅದರಲ್ಲಿ ಶೆಡ್ಡಿನ ಹೆಸರೂ ಇಲ್ಲ, ಸಹಿಯೂ ಇಲ್ಲ ಎಂದು ಅವನೇ ನನಗೆ ಓದಿ ಹೇಳಿದ.

ಗಾಡಿ ಓಡುತ್ತಾ ಓಡುತ್ತಾ ನಿಂತರೆ ಮೊದಲು ಮುಚ್ಚಳ ಸಡಿಲಿಸಿ ನೋಡಿ. ಬೋರ್ ಎಂದರೆ ಎದುರಿಗೇ ಬಿಚ್ಚಿಸಿ, ಪಿಸ್ಟನ್ನಿನ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಲಗ್ನಪತ್ರಿಕೆಯ ಮೇಲೆ ಬಿಲ್ಲು ಬರೆದರೆ ಎದ್ದು ಬನ್ನಿ.

ಇನ್ನೊಂದು ಮಾತು. ಆ 25ರ ಪಿಸ್ಟನ್ ನನ್ನ ಬಳಿಯೇ ಇದೆ. ಎಡಗಡೆ ಎರಡು ಉದ್ದ ಗೀರುಗಳಿವೆ. ಬಳ್ಳಾರಿಯಲ್ಲಿ ಇತ್ತೀಚೆಗೆ ಯಾರಾದರೂ ಬೋರ್ ಮಾಡಿಸಿ ಹಳೆಯ ಪಿಸ್ಟನ್ ಕೇಳದೆ ಬಂದಿದ್ದರೆ, ಅದು ನಿಮ್ಮದಿರಬಹುದು. ಬಂದು ತೆಗೆದುಕೊಂಡು ಹೋಗಿ.