ಕೆಗ್‌ನಲ್ಲಿ ಬಿಯರಿಗೆ ಗ್ಯಾಸ್: ಸಕ್ಕರೆ, ಸ್ಪಂಡಿಂಗ್, ಸಿಲಿಂಡರ್

ಒರೆಗಾನ್‌ನ ಪೋರ್ಟ್‌ಲ್ಯಾಂಡಿನಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಇಬ್ಬರು ಸೇರಿದರೆ, ಸಿಲಿಂಡರಿನಿಂದ ತುಂಬಿದ ಗ್ಯಾಸಿಗಿಂತ ಯೀಸ್ಟ್ ಹುಟ್ಟಿಸಿದ ಗ್ಯಾಸಿನ ಗುಳ್ಳೆಯೇ ನಯವೆಂಬ ವಾದ ಎದ್ದೇ ಏಳುತ್ತದೆ. ಇದನ್ನು ನಾಲಿಗೆಯಿಂದಲೇ ತೀರ್ಮಾನಿಸಬೇಕೆಂದು ಒಂದೇ ಕುದಿಯ ಪೇಲ್ ಏಲ್ (ತಿಳಿಬಣ್ಣದ ಬಿಯರ್) ಅನ್ನು ಎರಡು ಕೆಗ್‌ಗಳಿಗೆ, ಎಂದರೆ ಬಿಯರ್ ತುಂಬಿಡುವ ಲೋಹದ ಪೀಪಾಯಿಗಳಿಗೆ, ಹಂಚಿ, ಒಂದಕ್ಕೆ ಸಕ್ಕರೆ ಹಾಕಿ, ಇನ್ನೊಂದನ್ನು ಸಿಲಿಂಡರಿಗೆ ಜೋಡಿಸಿದೆ. ಮುಂದೆ ತಂಪಿನಲ್ಲಿ ಹುದುಗಿಸುವ ಲಾಗರ್ ಬಿಯರ್ ತಯಾರಿಸಿದಾಗ, ಹುದುಗುವಿಕೆ ಮುಗಿಯುವ ಮೊದಲೇ ಕೆಗ್ ಮುಚ್ಚುವ ಸ್ಪಂಡಿಂಗ್ ಕ್ರಮವನ್ನೂ ಇವೆರಡರ ಜೊತೆಗಿಟ್ಟು ನೋಡಿದೆ. ಎಲ್ಲಕ್ಕೂ ಬಳಸಿದ್ದು ಒಂದು ಕಾಲದಲ್ಲಿ ಸೋಡಾ ಕಂಪನಿಗಳು ಬಳಸುತ್ತಿದ್ದ 19 ಲೀಟರಿನ ಕಾರ್ನೀಲಿಯಸ್ ಕೆಗ್. ಗುರಿ ಸುಮಾರು 2.4 ವಾಲ್ಯೂಮ್, ಎಂದರೆ ಒಂದು ಲೀಟರ್ ಬಿಯರಿನಲ್ಲಿ ಸುಮಾರು 2.4 ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿರಬೇಕು.

ಸಿಲಿಂಡರಿನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಫ್ರಿಜ್ಜಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕೆಗ್‌ಗೆ 11 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಟ್ಟು ಬಿಟ್ಟರೆ ವಾರದಿಂದ ಹತ್ತು ದಿನಗಳೊಳಗೆ ಬಿಯರ್ ಸಿದ್ಧವಾಗುತ್ತದೆ. ಗ್ಯಾಸ್ ಹೆಚ್ಚಾಯಿತೆನಿಸಿದರೆ ಇಳಿಸಬಹುದು, ಕಡಿಮೆಯೆನಿಸಿದರೆ ಏರಿಸಬಹುದು. ಅವಸರದವರು 30 ಪಿಎಸ್‌ಐ ಕೊಟ್ಟು ಕೆಗ್ ಅಲುಗಾಡಿಸುತ್ತಾರೆ, ಆದರೆ ಹಾಗೆ ಮಾಡಿದ ಬಿಯರ್ ಮೊದಲ ಕೆಲವು ದಿನ ನಾಲಿಗೆಯನ್ನು ಚುರುಕ್ಕೆನ್ನಿಸುತ್ತದೆ. ಸಿಲಿಂಡರಿನ ಗ್ಯಾಸ್ ಒರಟು ಎಂಬ ದೂರು ಬಹುಶಃ ಇಲ್ಲಿಂದಲೇ ಹುಟ್ಟಿರಬೇಕು.

ಸಕ್ಕರೆಯ ದಾರಿ ಕೇಳಲು ಸುಲಭ, ಆದರೆ ಲೆಕ್ಕ ಬೇಡುತ್ತದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ ಸುಮಾರು 0.85 ವಾಲ್ಯೂಮ್ ಗ್ಯಾಸ್ ಕರಗಿರುತ್ತದೆ. ಉಳಿದುದಕ್ಕಾಗಿ 19 ಲೀಟರಿಗೆ ಅಡುಗೆಮನೆಯ ಸಕ್ಕರೆ 110 ಗ್ರಾಮಿನಷ್ಟು ಬೇಕು. ಅದನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಆರಿಸಿ, ಕೆಗ್‌ನ ತಳಕ್ಕೆ ಸುರಿದು ಮೇಲೆ ಬಿಯರ್ ತುಂಬಿಸಬೇಕು. ಅಷ್ಟೇ ಬಿಯರನ್ನು ಬಾಟಲಿಗಳಿಗೆ ತುಂಬುವಾಗ ಹಾಕುವ ಸಕ್ಕರೆಯ ಅರ್ಧದಷ್ಟು ಕೆಗ್‌ಗೆ ಸಾಕೆಂಬ ಮಾತು ಎಲ್ಲೆಡೆ ಓಡಾಡುತ್ತಿದೆ, ನನಗದು ಒಪ್ಪಿಗೆಯಿಲ್ಲ. ಅರ್ಧ ಹಾಕಿದರೆ ಬಿಯರ್ ಸುಮಾರು 1.6 ವಾಲ್ಯೂಮಿಗೆ ನಿಲ್ಲುತ್ತದೆ. ಇಂಗ್ಲಿಷ್ ಬಿಟರ್ ಬಗೆಯ ಬಿಯರಿಗೆ ಅದು ಸರಿಯಾದ ಹದ, ಪೇಲ್ ಏಲಿಗೆ ಸಪ್ಪೆ. ಹಾಗಿದ್ದೂ ಆ ಮಾತು ಏಕೆ ಉಳಿದಿದೆಯೆಂದರೆ, ಗ್ಲಾಸಿಗೆ ಸುರಿಯಲು ಹೇಗೂ ಸಿಲಿಂಡರ್ ಜೋಡಿಸಲೇಬೇಕು, ಆಗ ಕೊರತೆಯನ್ನು ಆ ಗ್ಯಾಸೇ ಕೆಲವು ದಿನಗಳಲ್ಲಿ ತುಂಬಿಕೊಡುತ್ತದೆ. ಸಕ್ಕರೆ ಹಾಕಿದರೆ ಸಿಲಿಂಡರಿನ ಖರ್ಚು ಪೂರ್ತಿ ಉಳಿಯುತ್ತದೆಂದು ನಂಬುವವರು ಇದನ್ನು ಗಮನಿಸುವುದಿಲ್ಲ.

ಸಕ್ಕರೆಯ ಕ್ರಮದಲ್ಲಿ ಕಾಡುವುದು ಮುಚ್ಚಳ. ಕಾರ್ನೀಲಿಯಸ್ ಕೆಗ್‌ನ ಅಂಡಾಕಾರದ ಮುಚ್ಚಳದ ಸುತ್ತಲಿನ ರಬ್ಬರ್ ಉಂಗುರ ಬಿಗಿಯಾಗಿ ಕೂರುವುದೇ ಒಳಗಿನ ಒತ್ತಡದಿಂದ. ಯೀಸ್ಟ್ ಮೆಲ್ಲಗೆ ಕೆಲಸ ಆರಂಭಿಸುವ ಹೊತ್ತಿಗೆ ಆ ಒತ್ತಡವೇ ಇರುವುದಿಲ್ಲ, ಹೀಗಾಗಿ ಹುಟ್ಟಿದ ಗ್ಯಾಸೆಲ್ಲ ಸದ್ದಿಲ್ಲದೆ ಸೋರಿಹೋಗಬಹುದು. ಸಕ್ಕರೆ ಹಾಕಿದ ಕೂಡಲೇ ಸಿಲಿಂಡರಿನಿಂದ 30 ಪಿಎಸ್‌ಐ ಒಮ್ಮೆ ತುಂಬಿ, ಅಂಚಿಗೆ ಸೋಪಿನ ನೀರು ಸವರಿ, ಸಣ್ಣ ನೊರೆ ಎಲ್ಲೂ ಉಬ್ಬುತ್ತಿಲ್ಲವೆಂದು ಖಚಿತವಾದ ಮೇಲೆಯೇ ಕೆಗ್ ಅನ್ನು ಎರಡು ಮೂರು ವಾರ 20 ಡಿಗ್ರಿಯ ಕೋಣೆಯಲ್ಲಿಡಬೇಕು. ನೆಲಮಾಳಿಗೆ ತಣ್ಣಗಿದ್ದರೆ ಇನ್ನೂ ಹೆಚ್ಚು ಕಾಲ ಬೇಕು.

ಸ್ಪಂಡಿಂಗ್ ಎಂದರೆ ಹುದುಗುವಿಕೆ ಮುಗಿಯುವ ಮುನ್ನವೇ ಕೆಗ್ ಮುಚ್ಚಿ, ಉಳಿದ ಮಾಲ್ಟ್ ಸಕ್ಕರೆಯಿಂದಲೇ ಗ್ಯಾಸ್ ಪಡೆಯುವುದು. ಜರ್ಮನಿಯಲ್ಲಿ ಲಾಗರಿಗೆ ಹೊರಗಿನ ಸಕ್ಕರೆ ಹಾಕುವಂತಿಲ್ಲವಾದ್ದರಿಂದ ಅಲ್ಲಿ ಇದು ಹಳೆಯ ರೂಢಿ. ಹುದುಗಿದಂತೆ ಇಳಿಯುವ ಬಿಯರಿನ ಸಾಂದ್ರತೆ (ನೀರಿನದು 1.000) 1.010ಕ್ಕೆ ನಿಲ್ಲುವುದಿದ್ದರೆ 1.014ರ ಆಸುಪಾಸಿನಲ್ಲಿ ಕೆಗ್‌ಗೆ ವರ್ಗಾಯಿಸಿ, ಒತ್ತಡ ಮಿತಿ ಮೀರಿದರೆ ತಾನೇ ಗ್ಯಾಸ್ ಹೊರಬಿಡುವ ವಾಲ್ವ್ ಹಾಕಬೇಕು. 20 ಡಿಗ್ರಿಯಲ್ಲಿ 2.4 ವಾಲ್ಯೂಮ್ ಬೇಕಾದರೆ ಮಿತಿ 26 ಪಿಎಸ್‌ಐ. ತೊಡಕಿರುವುದು ಬಿಯರ್ ಎಲ್ಲಿ ನಿಲ್ಲುತ್ತದೆಂದು ಮುಂಚೆಯೇ ತಿಳಿಯುವುದರಲ್ಲಿ. ಅದಕ್ಕಾಗಿ ಒಂದು ಲೋಟದಷ್ಟು ಬಿಯರಿಗೆ ಹೆಚ್ಚು ಯೀಸ್ಟ್ ಹಾಕಿ, ಬೆಚ್ಚಗಿಟ್ಟು ಬೇಗ ಹುದುಗಿಸಿ, ಹೈಡ್ರೋಮೀಟರಿನಲ್ಲಿ ಸಾಂದ್ರತೆ ಅಳೆದುಕೊಳ್ಳುತ್ತೇನೆ. ಗೇಜಿನ ಮುಳ್ಳು ಗಂಟೆಗೆ ಒಂದಿಷ್ಟು ಏರುವುದನ್ನು ನೋಡುವ ಖುಷಿ ಬೇರೆ ಎರಡರಲ್ಲಿ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನು ರುಚಿಯ ಮಾತು. ಹಂಚಿದ ಪೇಲ್ ಏಲ್‌ನ ಎರಡೂ ಕೆಗ್‌ಗಳನ್ನು ಒಂದೇ ತಂಪಿನಲ್ಲಿ, ಒಂದೇ ಒತ್ತಡದಲ್ಲಿ ಕೆಲವು ವಾರ ಇಟ್ಟು, ಯಾವುದು ಯಾವುದೆಂದು ಹೇಳದೆ ಗೆಳೆಯರ ಮುಂದಿಟ್ಟಾಗ ಗುಳ್ಳೆಯ ನಯದಲ್ಲಿ ಯಾರಿಗೂ ಭೇದ ಸಿಗಲಿಲ್ಲ. ಕರಗಿರುವ ಅನಿಲ ಒಂದೇ ಆದ್ದರಿಂದ ಸಿಗಬೇಕಾಗಿಯೂ ಇಲ್ಲ. ಭೇದ ಕಂಡದ್ದು ಬಿಯರಿಗೆ ಕಹಿಯನ್ನೂ ಸುವಾಸನೆಯನ್ನೂ ಕೊಡುವ ಹಾಪ್ಸ್ ಹೂವಿನ ಪರಿಮಳದಲ್ಲಿ. ವರ್ಗಾಯಿಸುವಾಗ ಒಳನುಗ್ಗಿದ ಆಮ್ಲಜನಕವನ್ನು ಕೆಲಸದಲ್ಲಿರುವ ಯೀಸ್ಟ್ ಸಾಕಷ್ಟು ಹೀರಿಕೊಳ್ಳುವುದರಿಂದ ಸಕ್ಕರೆಯ ಕೆಗ್ ಹೆಚ್ಚು ದಿನ ತಾಜಾ ಉಳಿಯಿತೆಂದು ನನ್ನ ಅಂದಾಜು. ಯೀಸ್ಟ್ ಇನ್ನೂ ಚುರುಕಾಗಿರುವಾಗಲೇ ವರ್ಗಾಯಿಸುವ ಸ್ಪಂಡಿಂಗಿನಲ್ಲಿ ಈ ಲಾಭ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಲಾಗರಿಗೂ ಹಾಪ್ಸ್ ಹೆಚ್ಚಿರುವ ಬಿಯರಿಗೂ ನಾನು ಸ್ಪಂಡಿಂಗನ್ನೇ ಆರಿಸುತ್ತೇನೆ. ಫ್ರಿಜ್ಜಿನಲ್ಲಿ ಜಾಗವಿಲ್ಲದೆ ಹೊರಗೆ ಕಾಯಬೇಕಾದ ಸ್ಟೌಟ್, ಪೋರ್ಟರಿನಂಥ ಗಾಢಬಣ್ಣದ ಬಿಯರುಗಳಿಗೆ ಸಕ್ಕರೆ.

ಯೀಸ್ಟಿನ ಎರಡೂ ಕ್ರಮಗಳಲ್ಲಿ ತಳದಲ್ಲಿ ಗಸಿ ಕೂರುತ್ತದೆ. ಮೊದಲ ಗ್ಲಾಸು ಕೆಸರಿನ ಬಣ್ಣದಲ್ಲಿ ಬಂದು, ಎರಡನೆಯದು ಮಬ್ಬಾಗಿ, ಮೂರನೆಯದರ ಹೊತ್ತಿಗೆ ತಿಳಿಯಾಗುತ್ತದೆ. ಮೇಲ್ಮೈಯಿಂದ ಬಿಯರ್ ಎಳೆಯುವ ತೇಲುವ ಕೊಳವೆ ಹಾಕಿದರೆ ಅಷ್ಟೂ ಉಳಿಯುತ್ತದೆ. ಆದರೆ ಯುಗಾದಿಗೋ ಹುಟ್ಟುಹಬ್ಬಕ್ಕೋ ಗೆಳೆಯರ ಮನೆಗೆ ಕಾರಿನಲ್ಲಿ ಒಯ್ಯುವ ಕೆಗ್ ದಾರಿಯುದ್ದಕ್ಕೂ ಕಲಕಿಹೋಗುವುದರಿಂದ, ಅಂಥದ್ದಕ್ಕೆ ಗಸಿ ಬಿಟ್ಟು ತಿಳಿಯನ್ನಷ್ಟೇ ಬಸಿದುಕೊಂಡು ಸಿಲಿಂಡರಿನಿಂದಲೇ ಗ್ಯಾಸ್ ತುಂಬಿಸುತ್ತೇನೆ.